ಯಂತ್ರದ ಅಂಕಿ, ಕೈಯ ಜೋಮು

ಅದುರುವ ಯಂತ್ರವನ್ನು ಮನುಷ್ಯನ ಕೈ ಹಿಡಿದುಕೊಂಡಾಗ ಎರಡು ಬಗೆಯ ಅಳತೆಗಳು ಸಾಧ್ಯವಾಗುತ್ತವೆ. ಯಂತ್ರದ ಹಿಡಿ ಎಷ್ಟು ರಭಸದಿಂದ ಅದುರುತ್ತದೆ ಎಂಬುದನ್ನು ಅಳೆಯಬಹುದು. ಆ ಅದುರನ್ನು ಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಹೆಗಲುಗಳು ಹೇಗೆ ಸ್ವೀಕರಿಸುತ್ತವೆ, ಎಷ್ಟನ್ನು ಮುಂದಕ್ಕೆ ದಾಟಿಸುತ್ತವೆ, ಎಷ್ಟನ್ನು ತಮ್ಮಲ್ಲೇ ನುಂಗಿಕೊಳ್ಳುತ್ತವೆ ಎಂಬುದನ್ನೂ ಅಳೆಯಬಹುದು. ಮೊದಲನೆಯದು ಲೋಹದ ಅಳತೆ. ಎರಡನೆಯದು ಮಾಂಸ, ಮೂಳೆ, ರಕ್ತನಾಳ, ನರಗಳ ಅಳತೆಯಾದ್ದರಿಂದ ಕೈಯಿಂದ ಕೈಗೆ, ಬೆಳಗಿನಿಂದ ಸಂಜೆಗೆ, ಬಿಗಿ ಹಿಡಿತದಿಂದ ಸಡಿಲ ಹಿಡಿತಕ್ಕೆ ಬದಲಾಗುತ್ತ ಹೋಗುತ್ತದೆ.

ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಈ ಸೀಮೆಗೆ ಕಾದ ಲೋಹದ ಸಹವಾಸವಿದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆಗಳಿವೆ. ಎರಕ ಆರಿದ ಮೇಲೆ ಅಚ್ಚಿನ ಮರಳನ್ನು ಕೆಡವಿ, ಲೋಹ ಹರಿದುಬಂದ ದಾರಿಯಲ್ಲಿ ಉಳಿದ ತುಂಡುಗಳನ್ನು ಕಡಿದು, ಅಂಚಿನ ಉಬ್ಬುಗಳನ್ನು ಗಾಳಿಯ ಒತ್ತಡದಿಂದ ಬಡಿಯುವ ಉಳಿಯಿಂದಲೂ ಗ್ರೈಂಡರಿನಿಂದಲೂ ತೆಗೆಯುವ ಕೆಲಸಕ್ಕೆ ಫೆಟ್ಲಿಂಗ್ ಎಂದೇ ಹೆಸರು. ಇತ್ತ ಸವಳಂಗ ರಸ್ತೆಯಲ್ಲಿ, ನವುಲೆಯ ಆಸುಪಾಸಿನಲ್ಲಿ, 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ಹೆಸರಿನ ಇಂಜಿನಿಯರಿಂಗ್ ಕಾಲೇಜೂ 2012ರಲ್ಲಿ ಸ್ಥಾಪನೆಯಾದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಆವರಣವೂ ಇವೆ. ಅದೇ ರಸ್ತೆ ಊರು ದಾಟಿದ ಮೇಲೆ ಪವರ್ ಟಿಲ್ಲರ್‌ಗಳು ಓಡಾಡುವ ಗದ್ದೆಗಳ ನಡುವೆ ಸಾಗುತ್ತದೆ. ಅಳೆಯಬಲ್ಲವರು ಒಂದು ಕಡೆ, ಅದುರಿಸಿಕೊಳ್ಳುವವರು ಇನ್ನೊಂದು ಕಡೆ ಇರುವ ಈ ನೆಲದಲ್ಲಿ ಇಬ್ಬರೂ ಎದುರುಬದುರು ಕುಳಿತರೆ ಮಾತು ಹೇಗೆ ನಡೆದೀತು ಎಂಬ ಊಹೆಯಿಂದ ಕೆಳಗಿನ ಸಂವಾದ ಹುಟ್ಟಿದೆ. ಒಬ್ಬರು ಫೆಟ್ಲಿಂಗಿನಲ್ಲಿ ದುಡಿದು ನಿವೃತ್ತರಾಗಿ, ಈಗ ಟಿಲ್ಲರ್ ಹಿಡಿದು ಗದ್ದೆ ಮಾಡಿಸುವ ಹಿರಿಯರು. ಇನ್ನೊಬ್ಬರು ಕಂಪನಶಾಸ್ತ್ರ ಬೋಧಿಸುವ ಕಿರಿಯ ಅಧ್ಯಾಪಕಿ. ಇಬ್ಬರೂ ಕಲ್ಪಿತರು, ಅವರ ವಾದಗಳು ಮಾತ್ರ ಕಲ್ಪಿತವಲ್ಲ.

ಹಿರಿಯರು: ಯಂತ್ರ ಅದುರುತ್ತದೆ ಎಂಬುದು ಹಿಡಿದವನಿಗೆ ಗೊತ್ತೇ ಇರುವ ಸಂಗತಿ. ಅದಕ್ಕೊಂದು ಅಂಕಿ ಹಚ್ಚಿದ ಮಾತ್ರಕ್ಕೆ ಅದುರು ತಗ್ಗುತ್ತದೆಯೇ ಅಮ್ಮಾ? ಸಂಜೆ ಮನೆಗೆ ಹೋಗಿ ಅಂಗಿಯ ಗುಂಡಿ ಬಿಚ್ಚಲಾರದೆ ಹೆಂಡತಿಯನ್ನು ಕರೆಯುವವನಿಗೆ ಯಾವ ಮೀಟರೂ ಬೇಕಾಗಿಲ್ಲ.

ಅಧ್ಯಾಪಕಿ: ಗುಂಡಿ ಬಿಚ್ಚಲಾಗದಿರುವುದು ಹತ್ತು ವರ್ಷದ ಕೆಲಸದ ಕೊನೆಗೆ ಸಿಗುವ ಸುದ್ದಿ, ಯಜಮಾನರೇ. ಮೀಟರು ಅದನ್ನೇ ಮೊದಲ ವಾರದಲ್ಲಿ ಹೇಳಲು ಯತ್ನಿಸುತ್ತದೆ. ಆಕ್ಸಿಲರೋಮೀಟರ್ ಎಂಬ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಸಾಧನವನ್ನು ಹಿಡಿಗೆ ಬಿಗಿದರೆ, ಅದರೊಳಗಿನ ಹರಳು ಪ್ರತಿ ಅದುರಿಗೂ ಒತ್ತಡಕ್ಕೊಳಗಾಗಿ ಅದಕ್ಕೆ ತಕ್ಕಷ್ಟು ವಿದ್ಯುದಂಶವನ್ನು ಕೊಡುತ್ತದೆ. ಅದರಿಂದ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ತಿಳಿಯುತ್ತದೆ. ಅಂಗೈಗೆ ಅಡ್ಡಲಾಗಿ, ಹಿಡಿಯ ಉದ್ದಕ್ಕೆ, ಮುಂಗೈಯ ನೇರಕ್ಕೆ ಹೀಗೆ ಮೂರು ದಿಕ್ಕುಗಳಲ್ಲಿ ಅಳೆದು, ಮೂರರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಆ ಯಂತ್ರದ ಒಟ್ಟು ಅಂಕಿ ಸಿಗುತ್ತದೆ.

ಹಿರಿಯರು: ಒಂದೇ ದಿನದಲ್ಲಿ ಒಂದೇ ಕೈ ಎರಡು ಮೂರು ಯಂತ್ರ ಹಿಡಿಯುತ್ತದಲ್ಲ. ಒಂದು ತಾಸು ಉಳಿ, ಎರಡು ತಾಸು ಗ್ರೈಂಡರ್, ನಡುವೆ ಚಹಾ, ಮತ್ತೆ ಕಾಸ್ಟಿಂಗ್ ಹೊರುವುದು.

ಅಧ್ಯಾಪಕಿ: ಅದಕ್ಕೂ ಲೆಕ್ಕವಿದೆ. ಉದಾಹರಣೆಗೆ ಗ್ರೈಂಡರಿನ ಅಂಕಿ 6, ಉಳಿಯದು 12 ಎಂದು ಇಟ್ಟುಕೊಳ್ಳೋಣ. ಏಕಮಾನವು ಸೆಕೆಂಡಿನ ವರ್ಗಕ್ಕೆ ಇಷ್ಟು ಮೀಟರ್ ಎಂಬುದು. ಪ್ರತಿಯೊಂದನ್ನೂ ಎಂಟು ತಾಸಿನ ದಿನಕ್ಕೆ ಹರಡಿದರೆ, ಎರಡು ತಾಸಿನ ಗ್ರೈಂಡರ್ 3 ಆಗುತ್ತದೆ, ಒಂದು ತಾಸಿನ ಉಳಿ 4.2ರಷ್ಟಾಗುತ್ತದೆ. ಇವೆರಡನ್ನು ನೇರವಾಗಿ ಕೂಡಿಸುವಂತಿಲ್ಲ. ವರ್ಗಗಳಾದ 9 ಮತ್ತು 18ನ್ನು ಕೂಡಿಸಿ ಮೂಲ ತೆಗೆದಾಗ ಆ ದಿನದ ಪಾಲು 5.2. ಐರೋಪ್ಯ ಒಕ್ಕೂಟವು 2002ರ ನಿರ್ದೇಶನದಲ್ಲಿ 2.5 ದಾಟಿದರೆ ಮಾಲೀಕನು ಕ್ರಮ ಕೈಗೊಳ್ಳಬೇಕೆಂದೂ 5 ದಾಟಲೇಬಾರದೆಂದೂ ವಿಧಿಸಿದೆ. ಮೂರೇ ತಾಸಿನ ಕೆಲಸದಲ್ಲಿ ಆ ಮಿತಿ ಮೀರಿಹೋಯಿತು ಎಂಬುದನ್ನು ಯಾವ ಕೈಯೂ ಅಷ್ಟು ಖಚಿತವಾಗಿ ಹೇಳಲಾರದು.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದರ ಬೆನ್ನಿಗೆ ಒಂದು ಊಹೆ ಅಡಗಿದೆ: ಎಲ್ಲ ಅದುರುಗಳೂ ಕೈಗೆ ಒಂದೇ ಅಲ್ಲ ಎಂಬುದನ್ನು ಲೆಕ್ಕ ಹೇಗೋ ಮೊದಲೇ ತೀರ್ಮಾನಿಸಿಟ್ಟಿದೆ. ಹಿರಿಯರ ಮುಂದಿನ ಪ್ರಶ್ನೆ ಅಲ್ಲಿಗೇ ನಾಟುತ್ತದೆ.

ಹಿರಿಯರು: ಉಳಿಯ ಅದುರು ಬೇರೆ, ಗ್ರೈಂಡರಿನ ಅದುರು ಬೇರೆ. ಉಳಿ ಮೊಣಕೈವರೆಗೆ ಗುದ್ದುತ್ತದೆ. ಗ್ರೈಂಡರ್ ಬೆರಳ ತುದಿಯಲ್ಲೇ ಜುಮುಗುಟ್ಟುತ್ತದೆ, ಮಿಷನ್ನು ಕೆಳಗಿಟ್ಟ ಮೇಲೂ ಹೋಗುವುದಿಲ್ಲ. ಟಿಲ್ಲರ್ ಹಿಡಿದರೆ ಹೆಗಲು, ಕುತ್ತಿಗೆ ಎಲ್ಲ ಕುಲುಕುತ್ತದೆ. ಇವೆಲ್ಲವನ್ನೂ ಒಂದೇ ಅಂಕಿಗೆ ಇಳಿಸುವುದು ಎಂಥ ನ್ಯಾಯ?

ಅಧ್ಯಾಪಕಿ: ಈ ವಿವರಣೆ ಪ್ರಯೋಗಶಾಲೆಯ ಫಲಿತಾಂಶಕ್ಕೆ ಹೊಂದುತ್ತದೆ. ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಎಂಬುದಕ್ಕೆ ಆವೃತ್ತಿ ಎನ್ನುತ್ತಾರೆ, ಅದರ ಏಕಮಾನ ಹರ್ಟ್ಸ್. ಆವೃತ್ತಿ ಕಡಿಮೆಯಿದ್ದರೆ ತೋಳೆಲ್ಲ ಒಂದೇ ದಿಮ್ಮಿಯಂತೆ ಅಲುಗುತ್ತದೆ. ಸುಮಾರು 20ರಿಂದ 50 ಹರ್ಟ್ಸ್ ನಡುವೆ ಕೈ ಮತ್ತು ಮುಂಗೈ ತಮ್ಮದೇ ತಾಳಕ್ಕೆ ಸಿಕ್ಕಿದಂತೆ ಹೆಚ್ಚು ಕುಣಿಯುತ್ತವೆ, ಇದನ್ನೇ ಅನುರಣನೆ ಎನ್ನುವುದು. 100 ಹರ್ಟ್ಸ್ ದಾಟಿದ ಮೇಲೆ ಅದುರಿನ ಬಹುಪಾಲು ಅಂಗೈ, ಬೆರಳುಗಳಲ್ಲೇ ಉಳಿದುಬಿಡುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗುವ ಒಂದೇ ಸಿಲಿಂಡರಿನ ಡೀಸೆಲ್ ಟಿಲ್ಲರ್ ಸುಮಾರು 33 ಹರ್ಟ್ಸಿನಲ್ಲಿಯೂ ಅದರ ಅರ್ಧದಲ್ಲಿಯೂ ಅದುರುತ್ತದೆ, ಆದ್ದರಿಂದ ಹೆಗಲು ಕುಲುಕುವುದು ಸಹಜ. ನಿಮಿಷಕ್ಕೆ 11,000 ಸುತ್ತಿನ ಕೈಗ್ರೈಂಡರ್ 180 ಹರ್ಟ್ಸಿಗಿಂತ ಮೇಲಿದೆ. ಅದು ಬೆರಳಿನ ಪಾಲು.

ಹಿರಿಯರು: ಹಾಗಾದರೆ ಅಂಕಿ ಯಾವುದರ ಪರವಾಗಿದೆ?

ಅಧ್ಯಾಪಕಿ: ಅಂತರರಾಷ್ಟ್ರೀಯ ಮಾನಕ 5349, 2001ರಲ್ಲಿ ಪ್ರಕಟವಾದ ರೂಪ, 16 ಹರ್ಟ್ಸ್‌ವರೆಗಿನ ಅದುರಿಗೆ ಹೆಚ್ಚುಕಡಿಮೆ ಪೂರ್ಣ ತೂಕ ಕೊಟ್ಟು, ಮುಂದಕ್ಕೆ ಆವೃತ್ತಿ ಏರಿದಂತೆ ತೂಕವನ್ನು ಇಳಿಸುತ್ತ ಹೋಗುತ್ತದೆ, 160 ಹರ್ಟ್ಸಿಗೆ ಬರುವಾಗ ಉಳಿಯುವುದು ಹತ್ತನೆಯ ಒಂದು ಪಾಲು.

ಹಿರಿಯರು: ಅಂದರೆ ಬೆರಳಿನಲ್ಲಿ ಉಳಿದುಬಿಡುವ ಅದುರಿಗೆ ಹತ್ತರಲ್ಲಿ ಒಂಬತ್ತು ಪಾಲು ಸೋಡಿ. ಬೆರಳೇ ಕೆಡುವುದಾದರೆ ಈ ಸೋಡಿ ಕೊಟ್ಟವರು ಯಾರು?

ಅಧ್ಯಾಪಕಿ ಇಲ್ಲಿ ಸ್ವಲ್ಪ ತಡೆಯುತ್ತಾರೆ, ತಡೆಯಲು ಕಾರಣವೂ ಇದೆ. ಈ ತೂಕದ ರೇಖೆಗೆ ಮುಖ್ಯ ಆಧಾರವಾದದ್ದು ಜಪಾನಿನ ಸಂಶೋಧಕ ಮಿವಾ 1960ರ ದಶಕದ ಉತ್ತರಾರ್ಧದಲ್ಲಿ ನಡೆಸಿದ ಪ್ರಯೋಗಗಳು. ಅದುರುವ ಫಲಕವನ್ನು ಮುಟ್ಟಿದವರು ಯಾವ ಆವೃತ್ತಿಯ ಅದುರು ಎಷ್ಟು ತೀವ್ರವಾಗಿ ಅನುಭವವಾಗುತ್ತದೆ ಎಂದು ಹೇಳಿದರೋ ಅದನ್ನು ಅನುಸರಿಸಿ ರೇಖೆ ಎಳೆಯಲಾಯಿತು. ಆ ಕ್ಷಣದಲ್ಲಿ ಕೈಗೆ ಅನ್ನಿಸುವುದೂ ವರ್ಷಗಳ ಮೇಲೆ ಕೈಗೆ ಆಗುವುದೂ ಒಂದೇ ಎಂದು ಭಾವಿಸಲು ಗಟ್ಟಿ ಕಾರಣವಿಲ್ಲ, ಮತ್ತು ಈ ಆಕ್ಷೇಪವನ್ನು ಕಂಪನ ವಿಜ್ಞಾನಿಗಳೇ ದಶಕಗಳಿಂದ ಎತ್ತುತ್ತ ಬಂದಿದ್ದಾರೆ. ಮಾನಕದ ಅತ್ಯಂತ ದುರ್ಬಲ ಕೊಂಡಿ ಇದೇ. ಇದನ್ನು ಕೇಳಲು ಹಿರಿಯರಿಗೆ ಬೇಕಾಗಿದ್ದದ್ದು ಗ್ರೈಂಡರ್ ಹಿಡಿದ ಬೆರಳುಗಳ ನೆನಪಷ್ಟೇ ಎಂಬುದು ಗಮನಾರ್ಹ.

ಅಧ್ಯಾಪಕಿ: ಆಕ್ಷೇಪ ಒಪ್ಪತಕ್ಕದ್ದೇ. ಆದರೂ ಕೆಟ್ಟ ತಕ್ಕಡಿಯೊಂದನ್ನು ಎಲ್ಲ ಅಂಗಡಿಗಳಲ್ಲೂ ಒಂದೇ ರೀತಿ ಬಳಸಿದರೆ ಅಂಗಡಿ ಅಂಗಡಿಗಳನ್ನು ಹೋಲಿಸಲಾದರೂ ಆಗುತ್ತದೆ. ಬಳಕೆಯಲ್ಲಿ ಅದಕ್ಕಿಂತ ಕೆಟ್ಟ ಅಪಾಯ ಬೇರೊಂದಿದೆ. ಬಡಿಯುವ ಉಳಿಯ ಪೆಟ್ಟಿಗೆ ಸಾಧನದ ಹರಳು ಒಮ್ಮೊಮ್ಮೆ ತತ್ತರಿಸಿ ತನ್ನ ಶೂನ್ಯಕ್ಕೆ ಮರಳಲಾರದೆ, ಇಲ್ಲದ ನಿಧಾನಗತಿಯ ಅದುರೊಂದನ್ನು ತೋರಿಸುತ್ತದೆ. ನಿಧಾನದ ಅದುರಿಗೆ ತೂಕ ಹೆಚ್ಚಾದ್ದರಿಂದ ಅಂಕಿ ಸುಳ್ಳಾಗಿಯೇ ಏರಿಬಿಡುತ್ತದೆ. ಸಾಧನದ ಕೆಳಗೆ ರಬ್ಬರಿನಂಥ ಮೆತ್ತೆಯ ಯಾಂತ್ರಿಕ ಸೋಸುಕವನ್ನಿಟ್ಟು ಇದನ್ನು ತಡೆಯಬೇಕು. ಇದನ್ನರಿಯದವರು ಅಳೆದರೆ ಒಳ್ಳೆಯ ಉಳಿಯೂ ಅಪರಾಧಿಯಾದೀತು.

ಹಿರಿಯರು: ಅಳೆಯುವ ಸಾಧನಕ್ಕೇ ಮೆತ್ತೆ ಬೇಕಾಯಿತು ಎಂದರೆ ಕೈಯ ಗತಿ ಏನು? ಇರಲಿ. ಈವರೆಗೆ ಹೇಳಿದ್ದೆಲ್ಲ ಹಿಡಿಯ ಲೆಕ್ಕ. ಕೈಯ ಲೆಕ್ಕ ಎಲ್ಲಿ?

ಅಧ್ಯಾಪಕಿ: ಕೈಯನ್ನು ಅಳೆಯುವಾಗ ಯಂತ್ರವನ್ನು ಬದಿಗಿಟ್ಟು, ಕಂಪನ ಹುಟ್ಟಿಸುವ ಪ್ರಯೋಗಶಾಲೆಯ ಶೇಕರ್‌ಗೆ ಒಂದು ಹಿಡಿಯನ್ನು ಜೋಡಿಸುತ್ತಾರೆ. ಆ ಹಿಡಿಯೊಳಗೆ ಬಲ ಅಳೆಯುವ ಸಂವೇದಕಗಳಿರುತ್ತವೆ. ಕೈ ಹಿಡಿದುಕೊಂಡಾಗ, ಹಿಡಿಯನ್ನು ಒಂದು ನಿರ್ದಿಷ್ಟ ವೇಗದಲ್ಲಿ ಅಲುಗಿಸಲು ಎಷ್ಟು ಬಲ ಬೇಕಾಯಿತು ಎಂದು ನೋಡಿ, ಬಲವನ್ನು ವೇಗದಿಂದ ಭಾಗಿಸುತ್ತಾರೆ. ಬರುವ ಉತ್ತರಕ್ಕೆ ಯಾಂತ್ರಿಕ ಪ್ರತಿಬಾಧೆ ಎಂದು ಹೆಸರು. ಸರಳವಾಗಿ ಹೇಳುವುದಾದರೆ, ಅಲುಗಿಸಲು ಬಂದವನಿಗೆ ಕೈ ಎಷ್ಟು ಎದುರು ನಿಲ್ಲುತ್ತದೆ ಎಂಬುದು. ಪ್ರತಿ ಆವೃತ್ತಿಗೂ ಅದು ಬೇರೆ. 10068 ಸಂಖ್ಯೆಯ ಮಾನಕ ಈ ಪ್ರತಿಬಾಧೆಯ ಮೌಲ್ಯಗಳನ್ನು 1998ರಲ್ಲಿ ಕೊಟ್ಟಿತು, 2012ರಲ್ಲಿ ಪರಿಷ್ಕರಿಸಿತು. ಮಣಿಕಟ್ಟು, ಮೊಣಕೈಗಳ ಚರ್ಮದ ಮೇಲೆ ಲೇಸರ್ ಕಿರಣ ಹಾಯಿಸಿ ಅಲ್ಲಿಗೆ ಎಷ್ಟು ಅದುರು ದಾಟಿತು ಎಂಬುದನ್ನೂ ಮುಟ್ಟದೆಯೇ ಅಳೆಯಬಹುದು.

ಹಿರಿಯರು: ಎಷ್ಟು ಬಿಗಿಯಾಗಿ ಹಿಡಿಯಬೇಕು?

ಅಧ್ಯಾಪಕಿ: ಕೈಗವಸು ಪರೀಕ್ಷಿಸುವ 10819ನೆಯ ಮಾನಕದಲ್ಲಿ ಹಿಡಿತ 30 ನ್ಯೂಟನ್, ಮುಂದಕ್ಕೆ ಒತ್ತುವ ಬಲ 50 ನ್ಯೂಟನ್, ಅಂದರೆ ಸುಮಾರು ಮೂರು ಕಿಲೋ ತೂಕದಷ್ಟು ಹಿಡಿತ, ಐದು ಕಿಲೋ ತೂಕದಷ್ಟು ಒತ್ತು. ಪರದೆಯ ಮೇಲೆ ಎರಡೂ ಕಾಣುತ್ತಿರುತ್ತವೆ, ಹಿಡಿದವರು ನೋಡುತ್ತ ಸರಿಪಡಿಸಿಕೊಳ್ಳುತ್ತಾರೆ.

ಹಿರಿಯರು: ಮೂರು ಕಿಲೋ ಹಿಡಿತದಲ್ಲಿ ಉಳಿ ಕಾಸ್ಟಿಂಗ್ ಬಿಟ್ಟು ಪಕ್ಕದವನ ಕಾಲಿಗೆ ಹೋಗುತ್ತದೆ! ಉಳಿಯ ಬಾಯಿ ಮೊಂಡಾಗಿದ್ದರೆ ಇನ್ನೂ ಬಿಗಿ ಬೇಕು, ಕಾಸ್ಟಿಂಗ್ ಎತ್ತರದಲ್ಲಿದ್ದರೆ ತೋಳು ಚಾಚಬೇಕು, ಪೀಸಿನ ಲೆಕ್ಕಕ್ಕೆ ಕೂಲಿಯಾದರೆ ದೇಹದ ಭಾರವನ್ನೆಲ್ಲ ಹೇರಬೇಕು. ಹೊಸಬನು ಹೆದರಿ ಬಿಗಿ ಹಿಡಿಯುತ್ತಾನೆ. ಪಳಗಿದವನು ಉಳಿಗೆ ಅದರ ಪಾಡಿಗೆ ಬಡಿಯಲು ಬಿಟ್ಟು ದಾರಿ ಮಾತ್ರ ತೋರಿಸುತ್ತಾನೆ. ಯಂತ್ರ ಒಂದೇ, ಅಂಕಿ ಒಂದೇ, ಸಂಜೆಯ ಜೋಮು ಬೇರೆ ಬೇರೆ.

ಅಧ್ಯಾಪಕಿ: ಅದನ್ನೂ ಪ್ರಯೋಗಗಳು ತೋರಿಸಿವೆ. ಹಿಡಿತ ಬಿಗಿಯಾದಷ್ಟೂ ಕೈಯ ಅಂಗಾಂಶ ಗಡುಸಾಗುತ್ತದೆ, ಅನುರಣನೆಯ ಆವೃತ್ತಿ ಮೇಲೇರುತ್ತದೆ, ಅದುರು ಹೆಚ್ಚು ಸಲೀಸಾಗಿ ಒಳಗೆ ದಾಟುತ್ತದೆ. ಮೊಣಕೈ ಮಡಿಸಿದ್ದರೆ ಹೆಗಲಿಗೆ ತಲುಪುವುದು ಕಡಿಮೆ, ತೋಳು ನೀಳವಾಗಿ ಚಾಚಿದ್ದರೆ ಹೆಚ್ಚು. ಪಳಗಿದ ಕೈಯ ಸಡಿಲ ಹಿಡಿತಕ್ಕೆ ಭೌತಶಾಸ್ತ್ರದ ಬೆಂಬಲವಿದೆ. ಆದರೆ ಟಿಲ್ಲರಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತುವುದಕ್ಕೆ ಅಷ್ಟು ಬೆಂಬಲವಿಲ್ಲ, ಯಜಮಾನರೇ.

ಹಿರಿಯರು: ಟ್ಯೂಬ್ ಸುತ್ತಿದರೆ ಕೈಗೆ ಹಿತವಾಗುವುದು ಸುಳ್ಳೇ?

ಅಧ್ಯಾಪಕಿ: ಹಿತವಾಗುವುದು ಸುಳ್ಳಲ್ಲ, ನವಿರಾದ, ವೇಗದ ಅದುರನ್ನು ಅದು ಸ್ವಲ್ಪ ನುಂಗುತ್ತದೆ. ಆದರೆ ಟಿಲ್ಲರಿನ ನಿಧಾನದ ಅದುರು ತೆಳು ರಬ್ಬರನ್ನು ಲೆಕ್ಕಿಸದೆ ದಾಟಿಬಿಡುತ್ತದೆ, ಜೊತೆಗೆ ಹಿಡಿ ದಪ್ಪವಾದ್ದರಿಂದ ಬೆರಳು ಇನ್ನಷ್ಟು ಬಿಗಿಯಬೇಕಾಗುತ್ತದೆ. ಕಂಪನ ತಡೆಯುವ ಕೈಗವಸಿನದೂ ಇದೇ ಕಥೆ. 2013ರಲ್ಲಿ ಪರಿಷ್ಕೃತವಾದ 10819ನೆಯ ಮಾನಕದ ಪ್ರಕಾರ 25ರಿಂದ 200 ಹರ್ಟ್ಸ್ ನಡುವೆ ಹತ್ತರಲ್ಲಿ ಒಂಬತ್ತು ಪಾಲು ಅದುರು ಒಳಗೆ ಬಂದರೂ ಕೈಗವಸು ಪಾಸಾಗುತ್ತದೆ. 200 ದಾಟಿದ ಮೇಲೆ ಮಾತ್ರ ಅದು ಹತ್ತರಲ್ಲಿ ನಾಲ್ಕು ಪಾಲನ್ನಾದರೂ ತಡೆಯಬೇಕು. ಅದನ್ನು ಅಳೆಯುವುದೂ ಅಂಗೈಯಲ್ಲಿ, ಬೆರಳಿನಲ್ಲಲ್ಲ.

ಹಿರಿಯರು: ಕೆಡುವುದು ಬೆರಳು, ಅಳೆಯುವುದು ಅಂಗೈ!

ಮಾತು ಇಲ್ಲಿಂದ ರೋಗದ ಕಡೆಗೆ ಹೊರಳುತ್ತದೆ. ತಣ್ಣಗಾದಾಗ ಬೆರಳಿನ ರಕ್ತನಾಳಗಳು ಮುದುರಿ ಬೆರಳು ಬೆಳ್ಳಗೆ ಸುಣ್ಣದಂತಾಗುವ ಲಕ್ಷಣವನ್ನು ಫ್ರಾನ್ಸಿನ ವೈದ್ಯ ಮೋರಿಸ್ ರೇನೋ 1862ರಲ್ಲಿ ವಿವರಿಸಿದನು. ಗಾಳಿಯ ಒತ್ತಡದ ಉಪಕರಣ ಹಿಡಿದವರಲ್ಲಿ ಅದನ್ನು 1911ರಲ್ಲಿ ಗುರುತಿಸಿದ್ದು ಇಟಲಿಯ ಲೊರಿಗಾ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಬೆಡ್‌ಫರ್ಡಿನ ಸುಣ್ಣಕಲ್ಲು ಕೆತ್ತುವವರನ್ನು ಪರೀಕ್ಷಿಸಿದಾಗ, ಸುತ್ತಿಗೆ ಹಿಡಿದ ಬಲಗೈಗಿಂತ ಉಳಿಯನ್ನು ನೇರವಾಗಿ ಹಿಡಿದ ಎಡಗೈಯ ಬೆರಳುಗಳೇ ಹೆಚ್ಚು ಬೆಳ್ಳಗಾಗುತ್ತಿದ್ದವು. 1986ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ತಜ್ಞರು ರಕ್ತನಾಳದ ಹಾನಿಗೆ ಒಂದು, ನರದ ಹಾನಿಗೆ ಇನ್ನೊಂದು ಎಂದು ಎರಡು ಪ್ರತ್ಯೇಕ ಅಳತೆಗೋಲುಗಳನ್ನು ರೂಪಿಸಿದರು. ಎರಡೂ ಒಟ್ಟೊಟ್ಟಿಗೆ ಬರಬೇಕೆಂದಿಲ್ಲ.

ಅಧ್ಯಾಪಕಿ: 5349ನೆಯ ಮಾನಕದಲ್ಲಿ ಒಂದು ಸೂತ್ರವಿದೆ. ದಿನದ ಪಾಲು 5.2 ಇದ್ದರೆ, ಆ ಕೆಲಸ ಮಾಡುವ ಗುಂಪಿನಲ್ಲಿ ನೂರಕ್ಕೆ ಹತ್ತು ಜನರಿಗೆ ಬೆರಳು ಬೆಳ್ಳಗಾಗಲು ಸುಮಾರು ಐದೂವರೆ ವರ್ಷ ಸಾಕು ಎಂದು ಅದು ಅಂದಾಜಿಸುತ್ತದೆ.

ಹಿರಿಯರು: ಫೆಟ್ಲಿಂಗಿನಲ್ಲಿ ಬೆರಳು ಬೆಳ್ಳಗಾದವರನ್ನು ಈ ಕಣ್ಣು ಹೆಚ್ಚು ಕಂಡಿಲ್ಲ. ಜೋಮು ಹಿಡಿದವರನ್ನು, ಬಿದ್ದ ನಾಣ್ಯ ಎತ್ತಿಕೊಳ್ಳಲಾರದವರನ್ನು, ರಾತ್ರಿ ಕೈ ಕೊಡವುತ್ತ ಎದ್ದು ಕೂರುವವರನ್ನು ಬೇಕಾದಷ್ಟು ಕಂಡಿದೆ. ಸೂತ್ರ ಬರೆದವರು ಹಿಮ ಬೀಳುವ ಊರಿನವರಿರಬೇಕು.

ಅಧ್ಯಾಪಕಿ: ಊಹೆ ದೂರದ್ದಲ್ಲ. ಸೂತ್ರಕ್ಕೆ ಆಧಾರವಾದ ಅಧ್ಯಯನಗಳು ಬಹುಮಟ್ಟಿಗೆ ಚಳಿಯ ದೇಶಗಳ ಕಾಡು, ಗಣಿ, ಕಾರ್ಖಾನೆಗಳವು. ಬಿಸಿಲಿನ ನಾಡುಗಳಲ್ಲಿ ಬೆಳ್ಳಗಾಗುವಿಕೆ ವಿರಳ, ಜೋಮು ಮತ್ತು ಸ್ಪರ್ಶನಷ್ಟವೇ ಮುಂದಾಗಿ ಕಾಣುತ್ತವೆ ಎಂಬುದು ಅಲ್ಲಿನ ಅಧ್ಯಯನಗಳಲ್ಲಿ ಕಂಡುಬಂದಿದೆ. ನರದ ಹಾನಿಗಂತೂ ಮಾನಕದಲ್ಲಿ ಅಂಥ ಸೂತ್ರವೇ ಇಲ್ಲ. 1998ರ ಪ್ರತಿಬಾಧೆಯ ಮೌಲ್ಯಗಳು ಗಂಡಸರ ಕೈಯವು ಎಂಬುದನ್ನೂ ಇದಕ್ಕೆ ಸೇರಿಸಬೇಕು. ಕಳೆ ಕತ್ತರಿಸುವ ಯಂತ್ರ ಹಿಡಿಯುವ ಹೆಂಗಸಿನ ಕೈ ಚಿಕ್ಕದು, ಅದರ ಉತ್ತರ ಬೇರೆಯೇ ಇದ್ದೀತು.

ಹಿರಿಯರು: ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಅಳೆಯಬೇಕೆಂಬ ಹಟ ಏಕಮ್ಮಾ? ನಾಳೆ ಒಬ್ಬ ಅಧಿಕಾರಿ ಬಂದು, ಅಂಕಿ 2.4 ಬಂದಿದೆ, ಮಿತಿಯೊಳಗಿದೆ, ನಿನ್ನ ಜೋಮು ಕೆಲಸದಿಂದ ಬಂದದ್ದಲ್ಲ ಎಂದರೆ ಗತಿಯೇನು? ಅಂಕಿ ಇಲ್ಲದಾಗ ಕೈಯ ಮಾತಿಗೆ ಅಷ್ಟಿಷ್ಟಾದರೂ ಬೆಲೆಯಿತ್ತು.

ಅಧ್ಯಾಪಕಿ: ಬೆಲೆ ಎಷ್ಟಿತ್ತು? ವಯಸ್ಸಾಯಿತು, ಸಕ್ಕರೆ ಕಾಯಿಲೆ ಇದೆ ಎಂದು ಕಳುಹಿಸಿಬಿಡುತ್ತಿದ್ದರು. ಗಾಳಿಯ ಮಾಲಿನ್ಯ, ಸದ್ದು ಇವುಗಳ ಸಾಲಿನಲ್ಲಿ ಕಂಪನವನ್ನೂ ಸೇರಿಸಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲಿ ಒಪ್ಪಂದ ಮಾಡಿದ್ದು, 2010ರ ತನ್ನ ಪಟ್ಟಿಯಲ್ಲಿ ಕಂಪನದ ರೋಗಗಳನ್ನು ಔದ್ಯೋಗಿಕ ರೋಗಗಳೆಂದು ಕಾಣಿಸಿದ್ದು, ಅಳೆದು ತೋರಿಸಿದವರಿದ್ದುದರಿಂದಲೇ. 2.5 ಎಂಬುದು ಸುರಕ್ಷತೆಯ ಗೆರೆ ಅಲ್ಲ, ಕ್ರಮ ಆರಂಭವಾಗಬೇಕಾದ ಗೆರೆ. ಅದನ್ನು ತಿರುಚಿ ಓದುವವನ ತಪ್ಪನ್ನು ಅಳತೆಯ ಮೇಲೆ ಹೊರಿಸಲಾಗದು.

ಹಿರಿಯರು: ತಿರುಚಿ ಓದುವವನ ಕೈಯಲ್ಲೇ ಕಾಗದ ಇರುತ್ತದೆ ಎಂಬುದು ಮಾತ್ರ ನಿಜ.

ಇದಕ್ಕೆ ಅಧ್ಯಾಪಕಿಯ ಬಳಿ ನೇರ ಉತ್ತರವಿಲ್ಲ. ಅಳತೆಯ ಶಾಸ್ತ್ರದಲ್ಲೂ ಇಲ್ಲ. ಆಕೆ ಹಿಡಿಯನ್ನು ಬಿಟ್ಟು ಬೆರಳಿನ ತುದಿಗೆ ಬರುತ್ತಾರೆ. ಸಣ್ಣದೊಂದು ಕಡ್ಡಿಯನ್ನು ಬೆರಳ ತುದಿಗೆ ತಾಗಿಸಿ ಅದುರಿಸುತ್ತ, ಅದುರು ಎಷ್ಟಾದಾಗ ಮೊದಲು ಗೊತ್ತಾಗುತ್ತದೆ ಎಂದು ಕೇಳುವ ಪರೀಕ್ಷೆಯೊಂದಿದೆ. 4, 31.5, 125 ಹರ್ಟ್ಸ್ ಹೀಗೆ ಮೂರು ಆವೃತ್ತಿಗಳಲ್ಲಿ ಅದನ್ನು ನಡೆಸಲು ಕಾರಣವೆಂದರೆ ಚರ್ಮದೊಳಗಿನ ಮೂರು ಬಗೆಯ ಸ್ಪರ್ಶಗ್ರಾಹಕಗಳು ಮೂರು ಬೇರೆ ವೇಗಗಳಿಗೆ ಓಗೊಡುವುದು. ವೇಗದ ಅದುರಿಗೆ ಎಚ್ಚರವಾಗುವ ಪ್ಯಾಸಿನಿಯನ್ ಕಣಗಳು ಈರುಳ್ಳಿಯಂತೆ ಪದರ ಪದರವಾಗಿ ಚರ್ಮದ ಆಳದಲ್ಲಿರುತ್ತವೆ.

ಹಿರಿಯರು: ಇದಾದರೂ ಕೈಯನ್ನೇ ಕೇಳುವ ಪರೀಕ್ಷೆ. ಆದರೆ ವಯಸ್ಸು, ಸಕ್ಕರೆ ಇಲ್ಲಿಯೂ ಅಡ್ಡ ಬರುತ್ತವಲ್ಲ?

ಅಧ್ಯಾಪಕಿ: ಬರುತ್ತವೆ. ಎರಡೂ ಸ್ಪರ್ಶವನ್ನು ಮಂಕು ಮಾಡುತ್ತವೆ.

ಹಿರಿಯರು: ವಯಸ್ಸೂ ಸಕ್ಕರೆಯೂ ಎರಡು ಕೈಗೂ ಸಮವಾಗಿ ಬರುತ್ತವೆ. ಉಳಿ ಹಿಡಿದದ್ದು ಎಡಗೈ, ಹಿಂದಿನ ಹಿಡಿ ಬಲಗೈಯದು. ಆ ಅಮೆರಿಕದ ವೈದ್ಯೆ ಕಂಡದ್ದೂ ಅದನ್ನೇ ಅಲ್ಲವೇ? ಒಬ್ಬನ ಎರಡು ಕೈಗಳನ್ನೇ ಒಂದಕ್ಕೊಂದು ಹೋಲಿಸಿದರೆ ಹೆಚ್ಚುವರಿ ಜೋಮು ಯಾರದೆಂದು ತಿಳಿಯುತ್ತದೆ.

ಅಧ್ಯಾಪಕಿ: ಪೂರ್ತಿ ತಿಳಿಯುವುದಿಲ್ಲ. ಬಲಗೈಯೂ ಅದುರಿಸಿಕೊಂಡಿದೆ, ಗ್ರೈಂಡರ್ ಎರಡೂ ಕೈಗಳ ಕೆಲಸ, ಬಲಗೈಯ ಬಳಕೆ ದಿನನಿತ್ಯವೂ ಬೇರೆ. ಆದರೂ ಉಳಿಯನ್ನೇ ಹೆಚ್ಚು ಹಿಡಿದವರಲ್ಲಿ ಆ ವ್ಯತ್ಯಾಸವನ್ನು ನೋಡತಕ್ಕದ್ದು. ಪರೀಕ್ಷೆಯ ದಾಖಲೆಯಲ್ಲಿ ಎರಡು ಕೈಗಳಿಗೂ ಬೇರೆ ಬೇರೆ ಅಂಕಣ ಬೇಕಾಗುತ್ತದೆ. ಪರೀಕ್ಷೆಯ ಹೊತ್ತಿಗೆ ಬೆರಳು ಬೆಚ್ಚಗಿರಬೇಕು, ಚರ್ಮದ ಉಷ್ಣತೆ ನಿಗದಿತ ಮಿತಿಯೊಳಗಿರಬೇಕು.

ಹಿರಿಯರು: ಜೋಮು ಕಾಡುವುದು ಪುಷ್ಯ ಮಾಸದ ಬೆಳಗಿನ ಥಂಡಿಯಲ್ಲಿ, ಗದ್ದೆಯ ನೀರಿಗೆ ಕೈ ಹಾಕಿದಾಗ. ಬೆಚ್ಚಗೆ ಮಾಡಿ ಕೇಳಿದರೆ ಕೈ ಚೆನ್ನಾಗಿದ್ದೇನೆ ಎಂದೇ ಹೇಳುತ್ತದೆ.

ಅಧ್ಯಾಪಕಿ: ತಂಪಿನ ಪರೀಕ್ಷೆ ಬೇರೆ ಇದೆ, 2005ರಲ್ಲಿ ಮೊದಲು ಬಂದ ಮಾನಕ 14835. ಕೈಯನ್ನು 12 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಐದು ನಿಮಿಷ ಅದ್ದಿ ತೆಗೆದು, ಬೆರಳುಗಳು ಮತ್ತೆ ಬೆಚ್ಚಗಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು.

ಹಿರಿಯರು: 12 ಡಿಗ್ರಿ ಎಂದರೆ ಇಲ್ಲಿನ ಬಾವಿಯ ನೀರಿನಷ್ಟೇ?

ಅಧ್ಯಾಪಕಿ: ಇಲ್ಲಿಯ ಬಾವಿ ಅಷ್ಟು ತಣ್ಣಗಾಗುವುದಿಲ್ಲ, ಐಸ್ ಹಾಕಬೇಕಾಗುತ್ತದೆ.

ಹಿರಿಯರು: ಹಾಗಾದರೆ ಐಸ್ ಹಾಕಿ ಒಂದು ದಿನ ಅಳೆಯಲಿ, ಬಾವಿಯ ನೀರಿನಲ್ಲಿ ಇನ್ನೊಂದು ದಿನ ಅಳೆಯಲಿ. ಎಡಗೈ ಮೊದಲು.